ಜಿಪ್ಸಿಯ 1.3 ಎಂಜಿನ್ 7,500 ಆರ್‌ಪಿಎಂ ಮುಟ್ಟಬೇಕೇ? ಲಿಮಿಟರ್‌ಗೆ ಕೊನೆಯಲ್ಲಿ ಕೈ ಹಾಕಿ

ಎಂಜಿನ್ ಇನ್ನೂ ಜಾಸ್ತಿ ರೆವ್ ಆಗಬೇಕು, ಅಂದರೆ ಇನ್ನೂ ವೇಗವಾಗಿ ತಿರುಗಬೇಕು ಅನ್ನಿಸಿದಾಗ ನಮ್ಮಲ್ಲಿ ಹೆಚ್ಚಿನವರು ಮೊದಲು ಹೋಗುವುದು ಲ್ಯಾಪ್‌ಟಾಪ್ ಹಿಡಿದ ಟ್ಯೂನರ್ ಹತ್ತಿರ. ಎಂಜಿನ್ ನಡೆಸುವ ಕಂಪ್ಯೂಟರ್‌ನಲ್ಲಿ (ಇಸಿಯು) ಒಂದು ಅಂಕಿ ಬದಲಾಯಿಸಿದರೆ ರೆವ್‌ಗೆ ಮಿತಿ ಹಾಕುವ ಲಿಮಿಟರ್ ಮೇಲೆ ಹೋಗುತ್ತದೆ. ಹತ್ತು ನಿಮಿಷದ ಕೆಲಸ. ಬಹಳ ಹಿಂದೆ ನನ್ನ ಹಳೆಯ ಕಾರಿಗೆ ನಾನೂ ಇದನ್ನೇ ಮಾಡಿಸಿದ್ದೆ. ಮೂರನೇ ವಾರಕ್ಕೆ ಕೆಳಗಿನಿಂದ ಟಕ್ ಟಕ್ ಸದ್ದು. ಎಂಜಿನ್ ತಳದ ಆಯಿಲ್ ತೊಟ್ಟಿ, ಅಂದರೆ ಸಂಪ್, ಬಿಚ್ಚಿದರೆ ಆಯಿಲ್ ತುಂಬ ಮಿರಿಮಿರಿ ಪುಡಿ. ಎರಡನೇ ಸಿಲಿಂಡರಿನ ಬಿಗ್ ಎಂಡ್ ಬೇರಿಂಗ್ (ಪಿಸ್ಟನ್ ರಾಡ್ ಕ್ರ್ಯಾಂಕ್ ಹಿಡಿಯುವ ಕಡೆಯದು) ತನ್ನ ಜಾಗದಲ್ಲೇ ತಿರುಗಿ ಹೋಗಿತ್ತು. ಕ್ರ್ಯಾಂಕ್ ಗ್ರೈಂಡಿಂಗ್‌ಗೂ ಬಾರದಷ್ಟು ತಿಂದಿತ್ತು. ತಪ್ಪು ಟ್ಯೂನರ್‌ದಲ್ಲ, ನನ್ನದು. ಕೊನೆಗೆ ಮಾಡಬೇಕಾದ ಕೆಲಸವನ್ನು ನಾನು ಮೊದಲು ಮಾಡಿಸಿದ್ದೆ.

ಈ ಬರಹದಲ್ಲಿ ಕೆಲಸದ ಸರಿಯಾದ ಸರದಿಯನ್ನು ಹೇಳುತ್ತೇನೆ. ಉದಾಹರಣೆಗೆ ಮಾರುತಿ ಜಿಪ್ಸಿ ಕಿಂಗ್‌ನ ಜಿ13ಬಿಬಿ ಎಂಜಿನ್ ತೆಗೆದುಕೊಂಡಿದ್ದೇನೆ. 1,298 ಸಿಸಿ, 16 ವಾಲ್ವ್, ವಾಲ್ವ್ ತೆರೆಯಲು ಒಂದೇ ಕ್ಯಾಮ್‌ಶಾಫ್ಟ್. ಬೋರ್ 74 ಮಿಮೀ, ಸ್ಟ್ರೋಕ್ 75.5 ಮಿಮೀ. ಕಂಪನಿ ಲೆಕ್ಕದಲ್ಲಿ 6,000 ಆರ್‌ಪಿಎಂಗೆ 80 ಬಿಎಚ್‌ಪಿ, 4,500ಕ್ಕೆ 103 ನ್ಯೂಟನ್ ಮೀಟರ್ ಟಾರ್ಕ್. ರ‍್ಯಾಲಿ, ಆಟೋಕ್ರಾಸ್ ಅಂತ ನಮ್ಮ ಕಡೆ ಓಡಾಡಿದವರಿಗೆ ಇದು ಮನೆಯ ಎಂಜಿನ್ ಇದ್ದ ಹಾಗೆ. ನಿಮ್ಮ ಹತ್ತಿರ ಬೇರೆ ಎಂಜಿನ್ ಇದ್ದರೆ ಅಂಕಿಗಳು ಬದಲಾಗುತ್ತವೆ, ಸರದಿ ಬದಲಾಗುವುದಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಟ್ರ್ಯಾಕ್ ಮತ್ತು ಸ್ಪರ್ಧೆಯ ಗಾಡಿಗೆ ಬರೆದದ್ದು. ಆರ್‌ಸಿಯಲ್ಲಿ ಇರುವ ವಿವರಕ್ಕೂ ಗಾಡಿಗೂ ತಾಳೆಯಾಗದಂತೆ ಬದಲಾವಣೆ ಮಾಡುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಡ್ಡ ಬರುತ್ತದೆ. ಇನ್ಶೂರೆನ್ಸ್ ಕಂಪನಿಗೆ ಹೇಳದೆ ಮಾಡಿಸಿದ್ದರೆ ಕ್ಲೇಮ್ ಹೊತ್ತಿಗೆ ತಲೆನೋವು ಗ್ಯಾರಂಟಿ.

ಮೊದಲು ಕಾಗದ, ಪೆನ್ನು

ರೆವ್ ಜಾಸ್ತಿ ಆದರೆ ಪವರ್ ಜಾಸ್ತಿ ಆಗಲೇಬೇಕು ಅಂತೇನಿಲ್ಲ. ಪವರ್ ಅಂದರೆ ಟಾರ್ಕ್ ಮತ್ತು ಆರ್‌ಪಿಎಂಗಳ ಗುಣಲಬ್ಧ. ನ್ಯೂಟನ್ ಮೀಟರ್ ಅನ್ನು ಆರ್‌ಪಿಎಂನಿಂದ ಗುಣಿಸಿ 9,549ರಿಂದ ಭಾಗಿಸಿದರೆ ಕಿಲೋವ್ಯಾಟ್ ಬರುತ್ತದೆ. ನಮ್ಮ ಎಂಜಿನ್ 6,000ದಲ್ಲಿ 80 ಬಿಎಚ್‌ಪಿ ಕೊಡುತ್ತದೆ ಅಂದರೆ ಅಲ್ಲಿ ಟಾರ್ಕ್ ಸುಮಾರು 95 ಉಳಿದಿದೆ ಅಂತ ಅರ್ಥ. ಹೆಡ್ (ವಾಲ್ವ್ ಕೂರುವ ಮೇಲ್ಭಾಗ), ಕ್ಯಾಮ್ ಮುಟ್ಟದೆ 7,000ಕ್ಕೆ ಎಳೆದಿರಿ ಅನ್ನಿ. ಉಸಿರು ಸಾಲದೆ ಟಾರ್ಕ್ 75ಕ್ಕೆ ಬಿದ್ದರೆ ಪವರ್ ಬರೀ 74 ಬಿಎಚ್‌ಪಿ. ಅಂದರೆ ಸದ್ದು ಜಾಸ್ತಿ, ಸವೆತ ಜಾಸ್ತಿ, ಗಾಡಿ ನಿಧಾನ. ಅದೇ 7,000ದಲ್ಲಿ 90 ಉಳಿಸಿಕೊಂಡರೆ 88 ಬಿಎಚ್‌ಪಿ ದಾಟುತ್ತದೆ. ಹಾಗಾಗಿ ಮೊದಲು ಗಾಡಿಯನ್ನು ಇದ್ದ ಹಾಗೇ ಡೈನೋ (ಪವರ್ ಅಳೆಯುವ ಯಂತ್ರ) ಮೇಲೆ ಹತ್ತಿಸಿ. ಆ ಗ್ರಾಫ್ ಕೈಯಲ್ಲಿ ಇಲ್ಲದೆ ಒಂದು ಬೋಲ್ಟ್ ಕೂಡ ಬಿಚ್ಚಬೇಡಿ.

ಎರಡನೇ ಲೆಕ್ಕ ಪಿಸ್ಟನ್ ವೇಗದ್ದು. ಸ್ಟ್ರೋಕ್ ಅನ್ನು ಮೀಟರ್‌ನಲ್ಲಿ ಬರೆದು ಎರಡರಿಂದ ಗುಣಿಸಿ, ಆರ್‌ಪಿಎಂನಿಂದ ಗುಣಿಸಿ, 60ರಿಂದ ಭಾಗಿಸಿ. 75.5 ಮಿಮೀ ಸ್ಟ್ರೋಕ್‌ಗೆ 6,500ರಲ್ಲಿ ಸೆಕೆಂಡಿಗೆ 16.4 ಮೀಟರ್, 7,500ರಲ್ಲಿ 18.9, 8,000ದಲ್ಲಿ 20.1. ಹೋಂಡಾ ಎಸ್2000ದ ಎರಡು ಲೀಟರ್ ಎಂಜಿನ್ 84 ಮಿಮೀ ಸ್ಟ್ರೋಕ್ ಇಟ್ಟುಕೊಂಡು 9,000 ಮುಟ್ಟುತ್ತಿತ್ತು, ಅಂದರೆ 25 ಮೀಟರ್ ಮೇಲೆ. ಅದನ್ನು ನೋಡಿ ನಮ್ಮದೂ ಆಗುತ್ತೆ ಅನ್ನಬೇಡಿ. ಅದರ ಪಿಸ್ಟನ್, ರಾಡ್, ಹೆಡ್ ಎಲ್ಲವನ್ನೂ ಮೊದಲ ದಿನದಿಂದ ಆ ವೇಗಕ್ಕೇ ಮಾಡಿದ್ದು. ರಸ್ತೆಗೆ ಮಾಡಿದ ಎಂಜಿನ್‌ಗೆ 19ರ ಆಸುಪಾಸು, ಒಳ್ಳೆಯ ಬೋಲ್ಟ್ ಹಾಕಿ, ಹಿಡಿತದಲ್ಲಿ ಇಟ್ಟುಕೊಳ್ಳಬಹುದಾದ ಜಾಗ. ನಾನು 7,500ಕ್ಕೆ ಗೆರೆ ಎಳೆದದ್ದು ಅದಕ್ಕೇ.

ಇನ್ನೊಂದು ಮುಖ್ಯ ವಿಷಯ. ಪಿಸ್ಟನ್ ಜಗ್ಗುವ ಬಲ ಆರ್‌ಪಿಎಂನ ವರ್ಗದ ಪ್ರಮಾಣದಲ್ಲಿ ಏರುತ್ತದೆ. 6,500ರಿಂದ 7,500ಕ್ಕೆ ಆರ್‌ಪಿಎಂ ಏರಿದ್ದು ಶೇ 15, ಬಲ ಏರಿದ್ದು ಶೇ 33. ಪಿಸ್ಟನ್, ಪಿನ್, ರಿಂಗ್ ಸೇರಿ 300 ಗ್ರಾಂ ಅಂತ ಇಟ್ಟುಕೊಳ್ಳಿ. 7,500ರಲ್ಲಿ ಅದು ಮೇಲಿನ ತುದಿಯಲ್ಲಿ ರಾಡ್ ಅನ್ನು ಹೆಚ್ಚುಕಡಿಮೆ 900 ಕೆಜಿ ತೂಕದಷ್ಟು ಜಗ್ಗುತ್ತದೆ. ಸೆಕೆಂಡಿಗೆ 125 ಸಲ.

ಇರುವ ಎಂಜಿನ್ ಗಟ್ಟಿ ಇದೆಯೇ

ಕಂಪ್ರೆಷನ್ ಟೆಸ್ಟ್ ಮಾಡಿಸಿ. ನಾಲ್ಕು ಸಿಲಿಂಡರ್ ನಡುವೆ ಶೇ 10ಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಸಿಲಿಂಡರ್‌ಗೆ ಗಾಳಿ ಒತ್ತಿ ಸೋರಿಕೆ ನೋಡುವ ಲೀಕ್‌ಡೌನ್ ಟೆಸ್ಟ್ ಮಾಡಿದರೆ ಇನ್ನೂ ಒಳ್ಳೆಯದು. ಸೈಲೆನ್ಸರ್ ಕಡೆ ಸುಸ್ ಅಂದರೆ ಎಕ್ಸಾಸ್ಟ್ ವಾಲ್ವ್, ಆಯಿಲ್ ಹಾಕುವ ಬಾಯಿಯಲ್ಲಿ ಗಾಳಿ ಬಂದರೆ ರಿಂಗ್. ಆಮೇಲೆ ಮೀಟರ್ ಬೋರ್ಡಿನ ದೀಪ ನಂಬದೆ ಮೆಕ್ಯಾನಿಕಲ್ ಆಯಿಲ್ ಗೇಜ್ ಹಾಕಿ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ನೋಡಿ. ಪ್ರತಿ 1,000 ಆರ್‌ಪಿಎಂಗೆ 10 ಪಿಎಸ್‌ಐ ಅನ್ನುವುದು ಹಳೆಯ ರೂಢಿಯ ಅಳತೆ. ಈಗಲೂ ಕೆಲಸಕ್ಕೆ ಬರುತ್ತದೆ. ಇದರಲ್ಲಿ ಫೇಲ್ ಆದ ಎಂಜಿನ್‌ಗೆ ಮೊದಲು ಓವರ್‌ಹಾಲ್, ಆಮೇಲೆ ಆಸೆ.

ವಾಲ್ವ್ ಕಡೆಯಿಂದ ಶುರು ಮಾಡಿ

ಹೆಚ್ಚಿನ ಎಂಜಿನ್‌ಗಳಲ್ಲಿ ಮೊದಲು ಸೋಲುವುದು ವಾಲ್ವ್ ಸ್ಪ್ರಿಂಗ್. 7,500ರಲ್ಲಿ ಒಂದೊಂದು ವಾಲ್ವ್ ಸೆಕೆಂಡಿಗೆ 62 ಸಲ ತೆರೆದು ಮುಚ್ಚಬೇಕು. ಕ್ಯಾಮ್ ಲೋಬ್‌ನ ಮೂಗು ದಾಟಿದ ಮೇಲೆ ರಾಕರ್ ಅನ್ನು ಲೋಬ್‌ಗೆ ಅಂಟಿಸಿಡುವುದು ಸ್ಪ್ರಿಂಗ್ ಒಂದೇ. ಅದಕ್ಕೆ ಶಕ್ತಿ ಸಾಲದಿದ್ದರೆ ವಾಲ್ವ್ ಗಾಳಿಯಲ್ಲಿ ತೇಲುತ್ತದೆ. ಸೀಟ್ ಮೇಲೆ ಬಿದ್ದು ಪುಟಿಯುತ್ತದೆ. ಪವರ್ ಇದ್ದಕ್ಕಿದ್ದ ಹಾಗೆ ಬೀಳುತ್ತದೆ. ಗ್ರಹಚಾರ ಕೆಟ್ಟಿದ್ದರೆ ಪಿಸ್ಟನ್‌ಗೆ ಮುತ್ತಿಡುತ್ತದೆ.

ಹಾಗಂತ ಸಿಕ್ಕಾಪಟ್ಟೆ ಗಟ್ಟಿ ಸ್ಪ್ರಿಂಗ್ ಹಾಕಬೇಡಿ. ಲೋಬ್ ಮತ್ತು ರಾಕರ್ ಬೇಗ ಸವೆಯುತ್ತವೆ, ಟೈಮಿಂಗ್ ಬೆಲ್ಟ್‌ಗೂ ಭಾರ. ಕ್ಯಾಮ್ ಯಾರು ಮಾಡಿಕೊಟ್ಟರೋ ಅವರು ಹೇಳಿದ ಸ್ಪ್ರಿಂಗನ್ನೇ ಕೊಳ್ಳಿ. ಹಾಕುವಾಗ ನಾಲ್ಕು ಅಳತೆ ಬರೆದಿಟ್ಟುಕೊಳ್ಳಿ:

- ಸ್ಪ್ರಿಂಗ್ ಕೂತ ಎತ್ತರ ಹದಿನಾರಕ್ಕೂ ಒಂದೇ ಇರಬೇಕು. ಜಾಸ್ತಿ ಇದ್ದಲ್ಲಿ ಕೆಳಗೆ ಶಿಮ್ (ತೆಳು ಬಿಲ್ಲೆ) ಕೊಡಿ.
- ವಾಲ್ವ್ ಪೂರ್ತಿ ತೆರೆದಾಗ ಸ್ಪ್ರಿಂಗ್ ಸುತ್ತುಗಳು ಒಂದಕ್ಕೊಂದು ಮುಟ್ಟಲು ಇನ್ನೂ 1ರಿಂದ 1.5 ಮಿಮೀ ಬಾಕಿ ಇರಬೇಕು.
- ಸ್ಪ್ರಿಂಗ್ ಹಿಡಿಯುವ ರಿಟೇನರ್ ತಳಕ್ಕೂ ವಾಲ್ವ್ ಸೀಲ್‌ಗೂ ನಡುವೆ ಕನಿಷ್ಠ 1.5 ಮಿಮೀ.
- ಪಿಸ್ಟನ್‌ಗೂ ವಾಲ್ವ್‌ಗೂ ನಡುವೆ ಇನ್‌ಟೇಕ್ ಕಡೆ 2 ಮಿಮೀ, ಎಕ್ಸಾಸ್ಟ್ ಕಡೆ 2.5 ಮಿಮೀ. ಬಿಸಿಗೆ ಜಾಸ್ತಿ ಬೆಳೆಯುವುದು ಎಕ್ಸಾಸ್ಟ್ ವಾಲ್ವ್.

ಕೊನೆಯದನ್ನು ಅಳೆಯಲು ಮಕ್ಕಳು ಆಡುವ ಕ್ಲೇ ಸಾಕು. ಪಿಸ್ಟನ್ ಮೇಲೆ ಸ್ವಲ್ಪ ಎಣ್ಣೆ ಸವರಿ ಕ್ಲೇ ಇಡಿ. ಹಳೆಯ ಗ್ಯಾಸ್ಕೆಟ್ ಜೊತೆ ಹೆಡ್ ಬಿಗಿದು, ಟೈಮಿಂಗ್ ಕೂಡಿಸಿ, ಕೈಯಿಂದ ಕ್ರ್ಯಾಂಕ್ ಅನ್ನು ಎರಡು ಸುತ್ತು ತಿರುಗಿಸಿ. ಹೆಡ್ ತೆಗೆದು ಕ್ಲೇಯನ್ನು ಬ್ಲೇಡ್‌ನಿಂದ ಸೀಳಿ, ತೀರಾ ತೆಳ್ಳಗಿರುವ ಜಾಗ ಅಳೆಯಿರಿ. ತಿರುಗಿಸುವಾಗ ಎಲ್ಲಾದರೂ ಗಟ್ಟಿ ತಡೆ ಸಿಕ್ಕರೆ ಬಲ ಹಾಕಬೇಡಿ, ಅಲ್ಲೇ ನಿಲ್ಲಿಸಿ. ಬೇಜಾರಿನ ಕೆಲಸ ನಿಜ. ಆದರೆ ಮಧ್ಯಾಹ್ನ ಒಂದರಲ್ಲಿ ಮುಗಿಯುತ್ತದೆ.

ಟೈಮಿಂಗ್ ಬೆಲ್ಟ್, ಟೆನ್ಷನರ್ ಎರಡೂ ಹೊಸದು ಹಾಕಿ. ಟ್ಯಾಪೆಟ್ ಗ್ಯಾಪ್ ಸರ್ವಿಸ್ ಮ್ಯಾನುಯಲ್ ಪ್ರಕಾರ. ಕ್ಯಾಮ್ ಬೇರೆ ಆದರೆ ಕ್ಯಾಮ್ ಜೊತೆ ಬಂದ ಚೀಟಿಯ ಪ್ರಕಾರ.

ಕ್ಯಾಮ್ ಮತ್ತು ಹೆಡ್

ವಾಲ್ವ್ ಜಾಸ್ತಿ ಹೊತ್ತು ತೆರೆದಿದ್ದರೆ ಮೇಲಿನ ಆರ್‌ಪಿಎಂನಲ್ಲಿ ಉಸಿರು ಸಿಗುತ್ತದೆ. ಅದಕ್ಕೆ ಬೆಲೆಯಾಗಿ ಕೆಳಗಿನ ಟಾರ್ಕ್ ಹೋಗುತ್ತದೆ. ಎಷ್ಟು ದೊಡ್ಡ ಕ್ಯಾಮ್ ಬೇಕು ಅನ್ನುವುದನ್ನು ಗೇರ್ ಬಾಕ್ಸ್ ಹೇಳುತ್ತದೆ. ಗೇರ್ ಬದಲಿಸಿದಾಗ ಆರ್‌ಪಿಎಂ ಶೇ 30 ಇಳಿಯುತ್ತದೆ ಅನ್ನಿ. 7,500ರಲ್ಲಿ ಬದಲಿಸಿದರೆ 5,250ಕ್ಕೆ ಬೀಳುತ್ತೀರಿ. ಅಂದರೆ ಕ್ಯಾಮ್ ಚೆನ್ನಾಗಿ ಕೆಲಸ ಮಾಡಬೇಕಾದ್ದು 5,000ದಿಂದ 7,500ರವರೆಗೆ. ಇದಕ್ಕಿಂತ ಮೇಲೆ ಎಳೆಯುವ ಕ್ಯಾಮ್ ಸುಮ್ನೆ ದುಡ್ಡು ದಂಡ. ಕೆಸರಿನ ಕಾಫಿ ತೋಟದ ದಾರಿಯಲ್ಲಿ ರ‍್ಯಾಲಿ ಮಾಡುವವರಿಗಂತೂ ಕೆಳಗಿನ ಟಾರ್ಕ್ ಚಿನ್ನ. ನನ್ನನ್ನು ಕೇಳಿದರೆ ಅವರು 7,000ಕ್ಕೇ ನಿಲ್ಲುವುದು ಒಳ್ಳೆಯದು.

ಹೆಡ್‌ನಲ್ಲಿ ಪೋರ್ಟ್ ದೊಡ್ಡದು ಮಾಡುವ ಚಪಲ ಬೇಡ. ವಾಲ್ವ್ ಸೀಟನ್ನು ಮೂರು ಕೋನದಲ್ಲಿ ಕತ್ತರಿಸಿ, ಪೋರ್ಟ್ ಮತ್ತು ಮ್ಯಾನಿಫೋಲ್ಡ್ ಬಾಯಿ ತಾಳೆ ಮಾಡಿ, ಒಳಗಿನ ಎರಕದ ಗಂಟುಗಳನ್ನು ತೆಗೆದರೆ ಲಾಭದ ದೊಡ್ಡ ಪಾಲು ಬಂದಂತೆ. ಕ್ಯಾಮ್ ಕೂಡಿಸುವಾಗ ಬರೀ ಗುರುತು ನೋಡಿ ಬಿಡಬೇಡಿ. ಡಿಗ್ರಿ ವೀಲ್ ಮತ್ತು ಡಯಲ್ ಗೇಜ್ ಹಾಕಿ ನೋಡಿ. ಹೆಡ್‌ನ ತಳ ಉಜ್ಜಿ ಸಮ ಮಾಡುವ ಸ್ಕಿಮ್ಮಿಂಗ್ ಆಗಿದ್ದರೆ ಗುರುತು ಸರಿ ಕೂತರೂ ಟೈಮಿಂಗ್ ಸ್ವಲ್ಪ ಸರಿದಿರುತ್ತದೆ.

ಕೆಳಗಿನ ಎಂಜಿನ್: ದುಡ್ಡು ಇಲ್ಲಿ ಹಾಕಿ

ಜಾಸ್ತಿ ರೆವ್‌ಗೆ ರಾಡ್ ಮುರಿಯಿತು ಅನ್ನುತ್ತಾರಲ್ಲ, ಬಹಳ ಸಲ ಮೊದಲು ಮುರಿದಿರುವುದು ರಾಡ್ ಬೋಲ್ಟ್. ಪವರ್ ಸ್ಟ್ರೋಕ್‌ನಲ್ಲಿ ಗ್ಯಾಸ್ ರಾಡ್ ಅನ್ನು ಒತ್ತುತ್ತದೆ, ಅದನ್ನು ರಾಡ್ ಸುಲಭವಾಗಿ ತಡೆಯುತ್ತದೆ. ಕಷ್ಟ ಇರುವುದು ಎಕ್ಸಾಸ್ಟ್ ಸ್ಟ್ರೋಕ್‌ನ ಕೊನೆಯಲ್ಲಿ. ಮೇಲೆ ಓಡುತ್ತಿರುವ ಪಿಸ್ಟನ್ ತಡೆಯಲು ಅಲ್ಲಿ ಗ್ಯಾಸ್ ಒತ್ತಡವೇ ಇಲ್ಲ. ಆಗಲೇ ಹೇಳಿದ ಆ 900 ಕೆಜಿ ಜಗ್ಗುವಿಕೆ ಪೂರ್ತಿ ಎರಡು ಬೋಲ್ಟ್‌ಗಳ ಮೇಲೆ. ಫುಲ್ ರೆವ್‌ನಿಂದ ಆಕ್ಸಿಲರೇಟರ್ ಥಟ್ಟನೆ ಬಿಟ್ಟಾಗಲೂ ಇದೇ ಕಥೆ. ಎಳೆಯುವಾಗ ಉಳಿದ ಎಂಜಿನ್ ಬಿಟ್ಟಾಗ ಒಡೆಯುವುದು ಇದಕ್ಕೇ.

ಹಾಗಾಗಿ ಎಆರ್‌ಪಿಯಂಥ ಕಂಪನಿಯ ಒಳ್ಳೆಯ ಬೋಲ್ಟ್ ಹಾಕಿ. ಆದರೆ ಹಳೆಯ ಬೋಲ್ಟ್ ತೆಗೆದು ಹೊಸದು ತುರುಕಿದರೆ ಕೆಲಸ ಮುಗಿಯಲಿಲ್ಲ. ಹೊಸ ಬೋಲ್ಟ್ ಬಿಗಿತ ಬೇರೆ, ಅದಕ್ಕೆ ಬಿಗ್ ಎಂಡ್‌ನ ಗುಂಡು ಕೆಡುತ್ತದೆ. ಬೋಲ್ಟ್ ಬಿಗಿದ ಮೇಲೆ ಬಿಗ್ ಎಂಡ್ ಅಳೆದು, ಬೇಕಾದರೆ ಹೋನಿಂಗ್ (ಒಳಗೆ ನಯವಾಗಿ ಉಜ್ಜುವುದು) ಮಾಡಿಸಿ ಮತ್ತೆ ಗುಂಡಗೆ ತರಬೇಕು. ನಮ್ಮಲ್ಲಿ ಹೆಚ್ಚಿನವರು ಹಾರಿಸುವ ಹಂತ ಇದೇ. ಬೋಲ್ಟ್ ಬಿಗಿಯುವಾಗ ಟಾರ್ಕ್ ರೆಂಚ್‌ಗಿಂತ ಬೋಲ್ಟ್ ಎಷ್ಟು ಉದ್ದವಾಯಿತು ಅಂತ ಸ್ಟ್ರೆಚ್ ಗೇಜ್‌ನಲ್ಲಿ ಅಳೆಯುವುದು ನಂಬಿಕೆಯ ದಾರಿ. ಬೋಲ್ಟ್ ಕಂಪನಿ ಕೊಟ್ಟ ಲೂಬ್ರಿಕೆಂಟನ್ನೇ ಸವರಿ. ಎಂಜಿನ್ ಆಯಿಲ್ ಹಚ್ಚಿದರೆ ಅದೇ ಟಾರ್ಕ್‌ಗೆ ಬಿಗಿತ ಬೇರೆ ಬರುತ್ತದೆ.

ತೂಕದ ಕೆಲಸಕ್ಕೆ ಅಕ್ಕಸಾಲಿಗರ ತಕ್ಕಡಿಯಂಥ ಡಿಜಿಟಲ್ ತಕ್ಕಡಿ ಸಾಕು. ನಾಲ್ಕು ಪಿಸ್ಟನ್ ಒಂದು ಗ್ರಾಂ ಒಳಗೆ ಸಮ ಬರಲಿ. ರಾಡ್‌ಗಳನ್ನು ಚಿಕ್ಕ ತುದಿ, ದೊಡ್ಡ ತುದಿ ಬೇರೆ ಬೇರೆ ತೂಗಿ ಸಮ ಮಾಡಿ. ಕ್ರ್ಯಾಂಕ್ ಅನ್ನು ಮುಂದಿನ ಪುಲ್ಲಿ, ಫ್ಲೈವೀಲ್, ಕ್ಲಚ್ ಕವರ್ ಸಮೇತ ಡೈನಾಮಿಕ್ ಬ್ಯಾಲೆನ್ಸ್ ಮಾಡಿಸಿ. ಬೇರಿಂಗ್ ಗ್ಯಾಪ್‌ಗೆ ಹಳೆಯ ಸೂತ್ರ: ಜರ್ನಲ್ (ಬೇರಿಂಗ್ ಒಳಗೆ ತಿರುಗುವ ಕ್ರ್ಯಾಂಕ್ ಭಾಗ) ವ್ಯಾಸದ ಸಾವಿರದಲ್ಲಿ ಒಂದು ಭಾಗ. 42 ಮಿಮೀ ಜರ್ನಲ್ ಆದರೆ 0.042 ಮಿಮೀ. ಪ್ಲಾಸ್ಟಿಗೇಜ್ (ಒತ್ತಿದಾಗ ಚಪ್ಪಟೆಯಾಗಿ ಗ್ಯಾಪ್ ತೋರಿಸುವ ಎಳೆ) ಹಾಕಿ ಪ್ರತಿಯೊಂದನ್ನೂ ನೋಡಿ. ಲೇತ್ ಅಂಗಡಿಯವರು "ಎಲ್ಲಾ ಸರಿ ಇದೆ ಸಾರ್" ಅಂದರೂ ನೀವೇ ಅಳೆಯಿರಿ. ಒಳ್ಳೆಯ ಕೆಲಸಗಾರ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಫೋರ್ಜ್ಡ್ ಪಿಸ್ಟನ್ ಬೇಕೇ ಬೇಕಾ? ಟರ್ಬೊ ಇಲ್ಲದೆ 7,500ಕ್ಕೆ, ಟ್ಯೂನಿಂಗ್ ಸರಿ ಇದ್ದರೆ, ಒಳ್ಳೆಯ ಎರಕದ ಪಿಸ್ಟನ್ ನಡೆಯುತ್ತದೆ. ಬಜೆಟ್ ಕಡಿಮೆ ಇದ್ದರೆ ಪಿಸ್ಟನ್ ದುಡ್ಡನ್ನು ಬೋಲ್ಟ್ ಮತ್ತು ಬ್ಯಾಲೆನ್ಸಿಂಗ್‌ಗೆ ಹಾಕಿ.

ಆಯಿಲ್

ಟ್ರ್ಯಾಕ್‌ನಲ್ಲಿ ಉದ್ದನೆಯ ತಿರುವಿಗೆ ಆಯಿಲ್ ಸಂಪ್‌ನ ಒಂದು ಮೂಲೆಗೆ ಓಡುತ್ತದೆ. ಪಂಪ್ ಗಾಳಿ ಕುಡಿಯುತ್ತದೆ. 7,000ದಲ್ಲಿ ಅರ್ಧ ಸೆಕೆಂಡು ಗಾಳಿ ಹೋದರೂ ಬೇರಿಂಗ್‌ಗೆ ಪೆಟ್ಟು. ಸಂಪ್ ಒಳಗೆ ಬ್ಯಾಫಲ್ ತಗಡು ವೆಲ್ಡ್ ಮಾಡಿಸಿ, ಪಿಕಪ್ ಪೈಪ್ ಸುತ್ತ ಡಬ್ಬಿ ಮಾಡಿ ಒಳಮುಖ ತೆರೆಯುವ ಬಾಗಿಲು ಇಡಿ. ಒಳ್ಳೆಯ ವೆಲ್ಡರ್ ಇದ್ದರೆ ಒಂದು ದಿನದ ಕೆಲಸ, ಇಡೀ ಎಂಜಿನ್ ಉಳಿಸುತ್ತದೆ. ಪಂಪ್ ಬಿಚ್ಚಿ ಒಳಗಿನ ಗೇರ್‌ಗಳ ಗ್ಯಾಪ್ ನೋಡಿ, ಸವೆದಿದ್ದರೆ ಪೂರ್ತಿ ಬದಲಿಸಿ. ಕ್ರ್ಯಾಂಕ್ ಪುಲ್ಲಿಯಲ್ಲಿ ರಬ್ಬರ್ ಡ್ಯಾಂಪರ್ ಇರುವ ಎಂಜಿನ್ ಆಗಿದ್ದರೆ, ಹಗುರ ಅಂತ ಅದನ್ನು ತೆಗೆದು ಅಲ್ಯುಮಿನಿಯಂ ಪುಲ್ಲಿ ಹಾಕಬೇಡಿ. ಕ್ರ್ಯಾಂಕ್‌ನ ತಿರುಚು ಕಂಪನ ಹೀರುವುದು ಆ ರಬ್ಬರ್. ಆ ಕಂಪನ ತಾಗುವ ಆಯಿಲ್ ಪಂಪ್ ಕೂಡ ಕ್ರ್ಯಾಂಕ್ ಮೂತಿಯಲ್ಲೇ ಕೂತಿದೆ, ಅಲ್ವಾ?

ಆಯಿಲ್ ಬಿಸಿ 130 ಡಿಗ್ರಿ ದಾಟುತ್ತಿದ್ದರೆ ಕೂಲರ್ ಹಾಕಿ. ಹೊರಗೆ ಚೆನ್ನೈ ಬಿಸಿಲಿದ್ದರೆ ಕೂಲರ್ ಬೇಕಾಗುವುದೇ ಹೆಚ್ಚು.

ಫ್ಲೈವೀಲ್, ಕ್ಲಚ್, ಪುಲ್ಲಿಗಳು

ಇದು ಜೀವದ ಪ್ರಶ್ನೆ, ಅದಕ್ಕೇ ಚಿಕ್ಕದಾಗಿ ಆದರೆ ಖಡಾಖಂಡಿತವಾಗಿ ಹೇಳುತ್ತೇನೆ. ಎರಕದ ಕಬ್ಬಿಣದ ಫ್ಲೈವೀಲನ್ನು ಲೇತ್‌ಗೆ ಹಾಕಿ ತೆಳ್ಳಗೆ ಮಾಡಿಸಬೇಡಿ. ಜಾಸ್ತಿ ಆರ್‌ಪಿಎಂನಲ್ಲಿ ಅದು ಸಿಡಿದರೆ ಬೆಲ್‌ಹೌಸಿಂಗ್ ಸೀಳಿಕೊಂಡು ಕಾಲಿಗೆ ಬರುತ್ತದೆ. ಹಗುರ ಬೇಕಾದರೆ ಸ್ಟೀಲ್ ಬಿಲೆಟ್‌ನದ್ದು, ಸುರಕ್ಷತೆಯ ಎಸ್‌ಎಫ್‌ಐ ಮುದ್ರೆ ಇರುವುದು ಕೊಳ್ಳಿ. ಕ್ಲಚ್ ಪ್ಲೇಟೂ ಆ ಆರ್‌ಪಿಎಂಗೆ ಪಾಸಾಗಿರಬೇಕು. ಡೈನೋ ಮೇಲೆ ಗಾಡಿ ಎಳೆಯುವಾಗ ಫ್ಲೈವೀಲ್ ಸಾಲಿನಲ್ಲಿ ಯಾರೂ ನಿಲ್ಲಬಾರದು, ವಿಡಿಯೊ ತೆಗೆಯುವ ಗೆಳೆಯ ಕೂಡ.

ಆಲ್ಟರ್ನೇಟರ್ ಕ್ರ್ಯಾಂಕ್‌ನ ಎರಡು ಪಟ್ಟು ತಿರುಗುತ್ತಿದ್ದರೆ 7,500ರಲ್ಲಿ ಅದು 15,000. ಅದಕ್ಕೆ ದೊಡ್ಡ ಪುಲ್ಲಿ ಹಾಕಿ.

ಪೆಟ್ರೋಲ್, ಕಿಡಿ, ಇಸಿಯು

6,000 ಆರ್‌ಪಿಎಂನಲ್ಲಿ ಒಂದು ಪೂರ್ತಿ ಸೈಕಲ್‌ಗೆ 20 ಮಿಲಿಸೆಕೆಂಡ್ ಸಮಯ. 7,500ರಲ್ಲಿ 16 ಮಾತ್ರ. ಇಂಜೆಕ್ಟರ್ ತೆರೆದಿರಲು ಸಮಯ ಅಷ್ಟೇ ಕಡಿಮೆ. ಡ್ಯೂಟಿ, ಅಂದರೆ ಸೈಕಲ್‌ನಲ್ಲಿ ಇಂಜೆಕ್ಟರ್ ತೆರೆದಿರುವ ಪಾಲು, ಶೇ 85 ದಾಟಿದರೆ ದೊಡ್ಡ ಇಂಜೆಕ್ಟರ್ ಹಾಕಿ. ಪಂಪ್ ಒತ್ತಡ ಕೊನೆಯವರೆಗೆ ಬೀಳದೆ ನಿಲ್ಲುತ್ತದೆಯೇ ಅಂತ ಗೇಜ್ ಹಾಕಿ ನೋಡಿ. ಕಾಯಿಲ್ ಚಾರ್ಜ್ ಆಗಲೂ ಸಮಯ ಕಡಿಮೆ, ಹಾಗಾಗಿ ಪ್ಲಗ್ ಗ್ಯಾಪ್ ದೊಡ್ಡದು ಮಾಡಬೇಡಿ.

ಎಕ್ಸಾಸ್ಟ್ ನೋಡಿ ಮಿಶ್ರಣ ಹೇಳುವ ವೈಡ್‌ಬ್ಯಾಂಡ್ ಮೀಟರ್ ಕಡ್ಡಾಯ. ಫುಲ್ ಥ್ರಾಟಲ್‌ನಲ್ಲಿ ಲ್ಯಾಂಬ್ಡಾ (ಸಮ ಅನುಪಾತಕ್ಕೆ 1, ಪೆಟ್ರೋಲ್ ಜಾಸ್ತಿಯಾದರೆ 1ಕ್ಕಿಂತ ಕಡಿಮೆ) 0.86ರಿಂದ 0.88 ಸುರಕ್ಷಿತ. ಮೀಟರನ್ನು ಲ್ಯಾಂಬ್ಡಾದಲ್ಲೇ ಓದಿ, ಗಾಳಿ-ಪೆಟ್ರೋಲ್ ಅನುಪಾತದಲ್ಲಿ ಬೇಡ. ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತ ಇ20. ಬರೀ ಪೆಟ್ರೋಲ್‌ಗೆ ಸಮ ಅನುಪಾತ 14.7 ಆದರೆ ಇ20ಗೆ ಸುಮಾರು 13.5. ಹಳೆಯ ಪುಸ್ತಕದ ಅಂಕಿ ಹಿಡಿದು ಹೊರಟವರು ಇಲ್ಲಿ ದಾರಿ ತಪ್ಪುತ್ತಾರೆ.

ಬೆಂಗಳೂರಿನವರಿಗೆ ಒಂದು ಕಿವಿಮಾತು. ನಮ್ಮ ಊರು ಸಮುದ್ರಮಟ್ಟದಿಂದ 900 ಮೀಟರ್ ಮೇಲೆ, ಗಾಳಿಯ ಒತ್ತಡ ಶೇ 10ರಷ್ಟು ಕಡಿಮೆ. ಇಲ್ಲಿ ಟ್ಯೂನ್ ಮಾಡಿದ ಗಾಡಿಯನ್ನು ಶ್ರೀಪೆರಂಬದೂರು ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೆ ಒಯ್ದರೆ ಅಲ್ಲಿ ಗಾಳಿ ದಟ್ಟ. ಬರೀ ಥ್ರಾಟಲ್ ಸ್ಥಾನ ನೋಡಿ ಪೆಟ್ರೋಲ್ ಹಾಕುವ ಇಸಿಯು ಆಗಿದ್ದು, ಅದರಲ್ಲಿ ಬ್ಯಾರೊಮೀಟರ್ ತಿದ್ದುಪಡಿ ಇಲ್ಲದಿದ್ದರೆ, ಮಿಶ್ರಣ ಲೀನ್ ಆಗುತ್ತದೆ, ಅಂದರೆ ಪೆಟ್ರೋಲ್ ಸಾಲುವುದಿಲ್ಲ. ಪಿಸ್ಟನ್ ಕರಗುವುದು ಅಲ್ಲೇ. ಟ್ರ್ಯಾಕ್ ತಲುಪಿದ ಮೇಲೆ ಮೊದಲ ಎರಡು ಲ್ಯಾಪ್ ಬರೀ ಲಾಗ್ ನೋಡಲು ಇಟ್ಟುಕೊಳ್ಳಿ.

ಈಗ ಲಿಮಿಟರ್

ಎಂಜಿನ್ ಕೂಡಿಸಿದ ದಿನ ಲಿಮಿಟರ್ 6,000ದಲ್ಲೇ ಇರಲಿ. ರಿಂಗ್ ಕೂರುವವರೆಗೆ ಸುಮಾರು 500 ಕಿಮೀ ಬೇರೆ ಬೇರೆ ಲೋಡ್‌ನಲ್ಲಿ ಓಡಿಸಿ. ಆಯಿಲ್, ಫಿಲ್ಟರ್ ಬದಲಿಸಿ, ಟ್ಯಾಪೆಟ್ ಮತ್ತೆ ನೋಡಿ. ಆಮೇಲೆ ಡೈನೋ ಮೇಲೆ 6,500. ಅಲ್ಲಿಂದ 250ರಂತೆ ಮೇಲೆ. ಪ್ರತಿ ಹಂತದಲ್ಲಿ ಲ್ಯಾಂಬ್ಡಾ, ಆಯಿಲ್ ಒತ್ತಡ, ನಾಕ್ (ಮಿಶ್ರಣ ಅಕಾಲಕ್ಕೆ ಸಿಡಿಯುವುದು) ಮೂರೂ ಸರಿ ಇದ್ದರೆ ಮಾತ್ರ ಮುಂದೆ. ಗ್ರಾಫ್‌ನಲ್ಲಿ ಪವರ್ ಗೆರೆ ನಯವಾಗಿ ಬಾಗುವ ಬದಲು ಗರಗಸದ ಹಲ್ಲಿನ ಹಾಗೆ ನಡುಗಿದರೆ ವಾಲ್ವ್ ತೇಲುತ್ತಿರಬಹುದು. ಕಿಡಿ ತಪ್ಪುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು, ಅಲ್ಲಿಂದ 500 ಕೆಳಗೆ ಬನ್ನಿ. ಎಲ್ಲಾ ಸರಿ ಇದ್ದು 7,500 ಮುಟ್ಟಿದರೂ ಮಾಮೂಲಿ ಓಟಕ್ಕೆ ಲಿಮಿಟರ್ 7,200ಕ್ಕೆ ಇಡಿ. ಪವರ್ ಇಳಿಯಲು ಶುರುವಾದ ಮೇಲೆ 300–400 ಆರ್‌ಪಿಎಂಗಿಂತ ಮೇಲೆ ಎಳೆದು ಸಿಗುವುದು ಕಡಿಮೆ.

ಲಿಮಿಟರ್ ಕಾಯುವುದು ಆಕ್ಸಿಲರೇಟರ್‌ನಿಂದ ಏರಿದ ರೆವ್ ಮಾತ್ರ. ಮೂರನೇ ಗೇರ್‌ನಲ್ಲಿ 7,000 ಇದ್ದಾಗ ನಾಲ್ಕರ ಬದಲು ಎರಡಕ್ಕೆ ಬಿದ್ದರೆ ಚಕ್ರಗಳೇ ಎಂಜಿನನ್ನು 9,500ರ ಮೇಲೆ ತಿರುಗಿಸುತ್ತವೆ. ಯಾವ ಇಸಿಯು ಕೂಡ ಅದನ್ನು ತಡೆಯಲಾರದು. ಎಂಜಿನ್ ಮೌಂಟ್ ಮತ್ತು ಗೇರ್ ಲಿವರ್ ಬುಷ್ ಹೊಸದು ಹಾಕಿದರೆ ಈ ಅಪಾಯ ಬಹಳ ಕಡಿಮೆಯಾಗುತ್ತದೆ. ಹಾಗೆ ಒಮ್ಮೆ ಆಗಿಬಿಟ್ಟರೆ, ಸದ್ದು ಸರಿ ಇದ್ದರೂ, ಲೀಕ್‌ಡೌನ್ ಮಾಡದೆ ಮತ್ತೆ ಎಳೆಯಬೇಡಿ.

ಮೊದಲ ಟ್ರ್ಯಾಕ್ ದಿನ ಮುಗಿದ ಮೇಲೆ ಆಯಿಲ್ ಫಿಲ್ಟರ್ ತೆಗೆದು ಡಬ್ಬಿ ಕತ್ತರಿಸಿ, ಒಳಗಿನ ಕಾಗದ ಬಿಡಿಸಿ ಬಿಸಿಲಿಗೆ ಹಿಡಿಯಿರಿ. ಹೊಸ ಎಂಜಿನ್ ಆದ್ದರಿಂದ ಒಂದಿಷ್ಟು ನುಣುಪು ಬೂದು ಪುಡಿ ಇರುತ್ತದೆ, ಪರವಾಗಿಲ್ಲ. ತಾಮ್ರದ ಬಣ್ಣದ ಚೂರು ಕಂಡರೆ ಎಂಜಿನ್ ಮತ್ತೆ ಸ್ಟಾರ್ಟ್ ಮಾಡಬೇಡಿ. ಗಾಡಿಯನ್ನು ಟ್ರೇಲರ್ ಮೇಲೆ ಹಾಕಿ ಮನೆಗೆ ತನ್ನಿ. ಆ ಹೊತ್ತಿಗೆ ಹೋಗಿರುವುದು ಬೇರಿಂಗ್ ಮಾತ್ರ, ಕ್ರ್ಯಾಂಕ್ ಇನ್ನೂ ಉಳಿದಿರುತ್ತದೆ.